ಸರಿ ಎನ್ನುವ ಮುನ್ನ

ಸಂಜೆ ತರಗತಿಯ ಮೇಷ್ಟ್ರು ಯಾವ ಉತ್ತರಕ್ಕೂ ಸರಿ ಎಂದಾಗಲಿ ತಪ್ಪು ಎಂದಾಗಲಿ ಹೇಳುತ್ತಿರಲಿಲ್ಲ. ಪ್ರಶ್ನೆ ಕೇಳುವರು, ಉತ್ತರ ಬರುವುದು, ಆಮೇಲೆ ಸೀಮೆಸುಣ್ಣವನ್ನು ಬೆರಳುಗಳ ನಡುವೆ ಹೊರಳಿಸುತ್ತ ಕಿಟಕಿಯ ಕಡೆ ತಿರುಗಿ ನಿಲ್ಲುವರು. ಉತ್ತರ ಕೊಟ್ಟವರು ತಾವೇ ಹೇಳಿದ್ದನ್ನು ಮತ್ತೊಮ್ಮೆ ಕೇಳಿಸಿಕೊಳ್ಳಲಿ ಎಂಬುದು ಅವರ ಉದ್ದೇಶ. ತಟ್ಟನೆ ಬೀಳುವ ಗುರುವಿನ ಮಾತು ಯೋಚನೆಯ ಕತ್ತು ಹಿಸುಕುತ್ತದೆ ಎಂದು ಅವರು ನಂಬಿದ್ದರು. ಕೊನೆಗೆ ವಿದ್ಯಾರ್ಥಿ ಒಂದು ಮಾತಿಗೆ ಬಂದು ನಿಂತಾಗ, ಆ ಮಾತನ್ನೇ ಹಲಗೆಯ ಮೇಲೆ ಬರೆಯುವರು. ಅವರಿಂದ ಸಿಗುತ್ತಿದ್ದ ಶಾಭಾಸ್‌ಗಿರಿ ಅಷ್ಟೇ.

"ಸರ್, ನೀವು ಬಾಯಿ ಬಿಡೋಷ್ಟರಲ್ಲಿ ನಾನು ಸ್ಟೇಷನ್‌ಗೆ ಒಂದು ಟ್ರಿಪ್ ಹೊಡ್ಕೊಂಡು ಬಂದ್ಬಿಡ್ತೀನಿ," ಎಂದು ಹಿಂದಿನ ಬೆಂಚಿನ ಟ್ಯಾಕ್ಸಿ ಡ್ರೈವರ್ ಒಮ್ಮೆ ಹೇಳಿದ್ದ. ಎಲ್ಲರೂ ನಕ್ಕಿದ್ದರು. ಮೇಷ್ಟ್ರೂ ನಕ್ಕಿದ್ದರು, ಆದರೆ ಆಗಲೂ ಏನೂ ಹೇಳಿರಲಿಲ್ಲ.

ಅದು ವೃತ್ತಿ ಕೋರ್ಸುಗಳ ಪ್ರವೇಶ ಪರೀಕ್ಷೆಗೆ ತಯಾರು ಮಾಡುವ ತರಗತಿ. ಎಂದೋ ಓದು ಬಿಟ್ಟವರು, ದುಡಿಮೆಯ ನಡುವೆ ಮತ್ತೆ ಓದಬೇಕೆನಿಸಿದವರು ಅಲ್ಲಿಗೆ ಬರುತ್ತಿದ್ದರು. ಪಠ್ಯ ಒಂದೇ ತೆಳುವಾದ ಪುಸ್ತಕ. ಅದರಲ್ಲಿ ಮೂರು ಭಾಗ: ವ್ಯವಹಾರ ಸಂಸ್ಕೃತಿ, ಅರ್ಥಶಾಸ್ತ್ರ, ನಿಸರ್ಗ ವಿಜ್ಞಾನ. ಮೂರರ ಮೂಲ ಕಲ್ಪನೆಗಳು ತಲೆಗೆ ಹತ್ತಿದರೆ ಸಾಕು, ಮುಂದಿನದನ್ನು ಕೋರ್ಸೇ ಕಲಿಸುತ್ತದೆ ಎಂದು ಮುನ್ನುಡಿಯಲ್ಲಿ ಬರೆದಿತ್ತು. ಕೊನೆಯಲ್ಲಿ ಲಿಖಿತ ಪರೀಕ್ಷೆ, ಅದಾದ ಮೇಲೆ ಹೊರಗಿನ ಪರೀಕ್ಷಕರ ಮುಂದೆ ಬಾಯಿಮಾತಿನ ಪರೀಕ್ಷೆ.

ಆ ವರ್ಷದ ತಂಡದಲ್ಲಿ ಲಾಂಡ್ರಿಯಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳಿದ್ದಳು. ಎಲ್ಲರಿಗಿಂತ ಹಿರಿಯಳಾದ್ದರಿಂದ ತರಗತಿಗೆಲ್ಲ ಅವಳು ಅಕ್ಕ. ಹೋಟೆಲು, ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ ಅದು. ಇಸ್ತ್ರಿ ಮಾಡುವ ಬಿಸಿ ಉರುಳೆಗಳ ನಡುವಿನಿಂದ ಹೊರಬರುವ ಹೊದಿಕೆಗಳನ್ನು ಒಂದು ತುದಿಯಲ್ಲಿ ಅಕ್ಕ, ಇನ್ನೊಂದು ತುದಿಯಲ್ಲಿ ಅವಳ ತಂಗಿ ಹಿಡಿದು ಮಡಚಬೇಕು. ಉರುಳೆ ಯಾರಿಗೂ ಕಾಯುವುದಿಲ್ಲ. ಒಂದನ್ನು ಮಡಚುವಷ್ಟರಲ್ಲಿ ಇನ್ನೊಂದು ಬಂದು ಕೈಮೇಲೆ ಬಿದ್ದಿರುತ್ತದೆ. ತರಗತಿಗೆ ಬರುವಾಗ ಅವಳ ಅಂಗೈ ಇನ್ನೂ ಕೆಂಪಗಿರುತ್ತಿತ್ತು. ಕೂತೇ ಉತ್ತರ ಹೇಳಬಹುದು ಎಂದು ಎಷ್ಟು ಸಲ ಹೇಳಿದರೂ ಎದ್ದು ನಿಲ್ಲುವಳು.

ಮೊದಲ ವಾರ ಮೇಷ್ಟ್ರು ಪ್ರತಿಯೊಬ್ಬರಿಗೂ ಏಕೆ ಬಂದಿರಿ ಎಂದು ಕೇಳಿದ್ದರು. ಅಕ್ಕ ಹೇಳಿದ್ದು ಅವರಿಗೆ ಮರೆಯಲಿಲ್ಲ.

"ನಮ್ಮ ಲಾಂಡ್ರಿಗೆ ನೀರು ಪರೀಕ್ಷೆ ಮಾಡೋಕೆ ಒಬ್ರು ಬರ್ತಾರೆ ಸರ್. ಸೀಸೆಗೆ ನೀರು ಹಿಡೀತಾರೆ, ಏನೋ ಎರಡು ಹನಿ ಹಾಕ್ತಾರೆ, ಕುರ್ಚಿ ಎಳ್ಕೊಂಡು ಕೂತ್ಬಿಡ್ತಾರೆ. ಬಣ್ಣ ಬದಲಾಗೋವರ್ಗೂ ಕಾಯ್ತಾರೆ. ನಮ್ಮ ಸೂಪರ್‌ವೈಸರ್ ಎಲ್ಲರ ಮೇಲೂ ಹಾರಾಡೋ ಮನುಷ್ಯ, ಅವರ ಹತ್ರ ಮಾತ್ರ ತುಟಿ ಪಿಟಕ್ಕನ್ನಲ್ಲ. ಬೇಗ ಬೇಗ ಅಂತ ಯಾರೂ ಅನ್ನದೇ ಇರೋ ಕೆಲಸಾನೂ ಇದೆ ಅಂತ ನನಗೆ ಅವತ್ತೇ ಗೊತ್ತಾಗಿದ್ದು."

ನೀರು ಪರೀಕ್ಷೆಯ ಕೋರ್ಸಿಗೆ ನಲವತ್ತು ದಾಟಿದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಮುಂದಿನ ವರ್ಷದ ಹೊತ್ತಿಗೆ ಅಕ್ಕ ಆ ಗೆರೆ ದಾಟಿರುತ್ತಾಳೆ. ಹಾಗಾಗಿ ಅವಳಿಗೆ ಇದೇ ಮೊದಲ ಅವಕಾಶ, ಇದೇ ಕೊನೆಯದು.

ಕೆಲವು ಸಂಜೆ ತಂಗಿಯೂ ಜೊತೆಗೆ ಬಂದು, ತರಗತಿ ಮುಗಿಯುವವರೆಗೆ ಹೊರಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. "ಒಳಗೆ ಬನ್ನಿ," ಎಂದು ಮೇಷ್ಟ್ರು ಕರೆದರೆ, "ಅಯ್ಯೋ ಬೇಡಿ ಸರ್, ಇವಳು ಮನೇಲಿ ಪಾಠ ಒಪ್ಪಿಸೋದನ್ನ ಕೇಳೇ ನನ್ನ ತಲೆ ಗಿರ್ ಅಂತಿದೆ. ನೀರು ಕಾಯಿಸೋಕೆ ಇಟ್ರೆ ಪಕ್ಕದಲ್ಲಿ ನಿಂತ್ಕೊಂಡು ಗುಳ್ಳೆ ಎಣಿಸ್ತಾಳೆ," ಎನ್ನುವಳು. ಅಕ್ಕ, "ನೀನು ಸುಮ್ನಿರೇ," ಎಂದು ಅವಳ ತಲೆಗೆ ಪುಸ್ತಕದಿಂದ ಮೊಟಕುವಳು.

ಮೇಷ್ಟ್ರ ವಿಧಾನ ಬೇರೆ ಯಾರಿಗಿಂತಲೂ ಹೆಚ್ಚು ಅಕ್ಕನಿಗೆ ಒಗ್ಗಿತ್ತು. ಒಂದು ಸಂಜೆ ಅವರು ಲೋಟಕ್ಕೆ ಮುಕ್ಕಾಲು ಭಾಗ ನೀರು ತುಂಬಿ, ಒಂದು ಮಂಜುಗಡ್ಡೆಯನ್ನು ಅದರಲ್ಲಿ ತೇಲಿಬಿಟ್ಟರು. ನೀರು ಲೋಟದ ಅಂಚಿಗೆ ಮುಟ್ಟಿ ನಿಂತಿತು. ಗಡ್ಡೆ ಕರಗಿದರೆ ಏನಾಗುತ್ತದೆ ಎಂದು ಕೇಳಿದರು.

"ಚೆಲ್ಲುತ್ತೆ," ಎಂದಳು ಅಕ್ಕ.

ಮೇಷ್ಟ್ರು ಕಿಟಕಿಯ ಕಡೆ ತಿರುಗಿದರು. ಎದುರಿನ ಕಟ್ಟಡದಲ್ಲಿ ಯಾರೋ ಬಾಲ್ಕನಿ ಗುಡಿಸುತ್ತಿದ್ದರು. ಪೊರಕೆಯ ಸದ್ದು ಕೂಡ ಕೇಳುವಷ್ಟು ತರಗತಿ ಸುಮ್ಮನಾಯಿತು.

"ಅಲ್ಲ," ಎಂದಳು ಅಕ್ಕ. ಸ್ವಲ್ಪ ಹೊತ್ತಾದ ಮೇಲೆ, ತನಗೆ ತಾನೇ ಎಂಬಂತೆ, "ಗಡ್ಡೆ ಈಗಾಗ್ಲೇ ತನ್ನ ತೂಕದಷ್ಟು ನೀರನ್ನ ಪಕ್ಕಕ್ಕೆ ತಳ್ಳಿ ಕೂತಿದೆ. ಕರಗಿದ್ರೆ ಆಗೋದೂ ಅಷ್ಟೇ ನೀರು. ಆ ಜಾಗಕ್ಕೇ ಅದು ಸರಿಹೋಗುತ್ತೆ. ಚೆಲ್ಲಲ್ಲ ಸರ್. ಒಂದು ಹನೀನೂ ಚೆಲ್ಲಲ್ಲ."

ಮೇಷ್ಟ್ರು ಆ ಮಾತನ್ನು ಹಲಗೆಯ ಮೇಲೆ ಬರೆದರು. ಅಕ್ಕನ ಮುಖ ಅರಳಿದ್ದನ್ನು ಬೆನ್ನು ತಿರುಗಿಸಿದ್ದರಿಂದ ಅವರು ನೋಡಲಿಲ್ಲ, ಆದರೆ ಅವಳು ಕೂರುವಾಗ ಬೆಂಚು ಸದ್ದು ಮಾಡಿದ ರೀತಿಯಲ್ಲೇ ಅವರಿಗೆ ಅದು ತಿಳಿಯಿತು. ಕಲಿಸುವುದೆಂದರೆ ಇದೇ ಅಲ್ಲವೇ ಎನಿಸಿತು. ಅಂದು ಮನೆಗೆ ನಡೆದುಹೋಗುವಾಗ ಅವರಿಗೆ ತಮ್ಮ ಬಗ್ಗೆಯೇ ಒಂದು ಬಗೆಯ ಮೆಚ್ಚುಗೆ ಇತ್ತು.

ಅಂಥ ಸಂಜೆಗಳು ಹಲವು ಆದವು. ಅವಳು ತಪ್ಪು ಹೇಳುವಳು, ಮೇಷ್ಟ್ರು ಸುಮ್ಮನಾಗುವರು, ಅವಳು ಆ ಮೌನದೊಳಗೆ ಇಳಿದು ಸರಿಯಾದದ್ದನ್ನು ಹೆಕ್ಕಿ ತರುವಳು. ದಿನ ಕಳೆದಂತೆ ಅವಳ ಮೊದಲ ಉತ್ತರವೇ ಸರಿಯಿರತೊಡಗಿತು. ಮೇಷ್ಟ್ರು ಆಗಲೂ ಎಂದಿನಂತೆ ಕಿಟಕಿಯ ಕಡೆ ತಿರುಗುತ್ತಿದ್ದರು.

ಒಮ್ಮೆ ಹೀಗಾಯಿತು. ಬೆಲೆ ಏರಿದರೂ ಜನ ಉಪ್ಪು ಕೊಳ್ಳುವುದನ್ನು ಏಕೆ ಕಡಿಮೆ ಮಾಡುವುದಿಲ್ಲ ಎಂದು ಕೇಳಿದ್ದಕ್ಕೆ ಅಕ್ಕ ಸರಿಯಾಗಿಯೇ ಹೇಳಿದಳು. ಉಪ್ಪಿಲ್ಲದೆ ಆಗುವುದಿಲ್ಲ, ಅದರ ಬದಲಿಗೆ ಬೇರೇನೂ ಇಲ್ಲ, ಬೆಲೆ ಏರಿದರೂ ಬೇಡಿಕೆ ಬಗ್ಗುವುದಿಲ್ಲ. ಮೇಷ್ಟ್ರು ಸುಮ್ಮನಿದ್ದರು. ಅವಳು ತಡವರಿಸಿದಳು. "ಅಲ್ಲ... ಕಡಿಮೆ ಮಾಡ್ತಾರೇನೋ," ಎಂದಳು. ಮೇಷ್ಟ್ರು ಮತ್ತೂ ಸುಮ್ಮನಿದ್ದರು. ಅವಳು ಸುತ್ತಿ ಬಳಸಿ ಕೊನೆಗೆ ಮೊದಲ ಉತ್ತರಕ್ಕೇ ಮರಳಿದಳು.

"ಅಕ್ಕ ಊರೆಲ್ಲಾ ಸುತ್ತಿ ಹತ್ತಿದ ಜಾಗದಲ್ಲೇ ಇಳಿದ್ರು. ಮೀಟರ್ ಮಾತ್ರ ಓಡ್ತು," ಎಂದ ಡ್ರೈವರ್.

ಮೇಷ್ಟ್ರಿಗೆ ಒಂದು ಕ್ಷಣ ಏನೋ ಚುಚ್ಚಿದಂತಾಯಿತು. ಮೊದಲೇ ಸರಿ ಎನ್ನಬಹುದಿತ್ತು. ಆದರೆ ತಾನೇ ಸುತ್ತಿ ಬಂದವಳಿಗೆ ದಾರಿ ಇನ್ನೂ ಚೆನ್ನಾಗಿ ಗೊತ್ತಾಗಿರುತ್ತದೆ ಎಂದು ಸಮಾಧಾನ ಮಾಡಿಕೊಂಡು ಹಲಗೆಯ ಕಡೆ ತಿರುಗಿದರು.

ಮನೆಯಲ್ಲಿ ಅವರ ಹೆಂಡತಿಗೆ ಈ ಮೌನ ಬೇರೆಯ ರೀತಿಯಲ್ಲಿ ಪರಿಚಯ. "ಏನ್ರೀ, ಈ ಸೀರೆ ಚೆನ್ನಾಗಿದೆಯಾ ಅಂದ್ರೆ ಚೆನ್ನಾಗಿದೆ ಅನ್ನಿ, ಇಲ್ಲ ಅಂದ್ರೆ ಇಲ್ಲ ಅನ್ನಿ. ಹೀಗೆ ಗೋಡೆ ನೋಡ್ತಾ ನಿಂತ್ರೆ ನಾನು ಹೋಗಿ ಬದಲಾಯಿಸ್ಕೊಂಡು ಬರ್ತೀನಿ ಅಷ್ಟೇ."

"ನಾನು ಏನೂ ಅಂದಿಲ್ಲವಲ್ಲ."

"ಅದೇ ನಾನೂ ಹೇಳ್ತಿರೋದು. ಅನ್ನಲ್ಲ ನೀವು. ಕೇಳೋರಿಗೆ ಬೈದ ಹಾಗಿರುತ್ತೆ."

ಅವರು ಆ ಮಾತಿಗೂ ಉತ್ತರ ಹೇಳಲಿಲ್ಲ. ಹೆಂಡತಿ ನಿಜವಾಗಿಯೂ ಒಳಗೆ ಹೋಗಿ ಸೀರೆ ಬದಲಾಯಿಸಿಕೊಂಡು ಬಂದಳು.

ಲಿಖಿತ ಪರೀಕ್ಷೆಯಲ್ಲಿ ಅಕ್ಕ ಪಾಸಾದಳು. ಕಾಗದ ಮಾತಾಡುವುದಿಲ್ಲ, ಸುಮ್ಮನಿರುವುದೂ ಇಲ್ಲ, ಬರೆದದ್ದನ್ನು ಹಿಡಿದಿಟ್ಟುಕೊಳ್ಳುತ್ತದೆ. ಉಳಿದದ್ದು ಬಾಯಿಮಾತಿನ ಪರೀಕ್ಷೆ. ಅದರಲ್ಲಿ ಮೂರು ಭಾಗದಿಂದಲೂ ಒಂದೊಂದು ಪ್ರಶ್ನೆ. ಎರಡಕ್ಕಾದರೂ ಸರಿಯಾದ ಉತ್ತರ ಬರಬೇಕು. ಕಲಿಸಿದ ಮೇಷ್ಟ್ರು ಕೋಣೆಯಲ್ಲಿ ಇರಬಹುದು, ಆದರೆ ವಿದ್ಯಾರ್ಥಿಯ ಹಿಂದೆ, ಬಾಗಿಲ ಪಕ್ಕದ ಕುರ್ಚಿಯಲ್ಲಿ. ಮಾತಾಡುವಂತಿಲ್ಲ, ಸನ್ನೆ ಮಾಡುವಂತಿಲ್ಲ. ಆ ನಿಯಮ ಪಾಲಿಸುವುದು ಅವರಿಗೆ ಎಂದೂ ಕಷ್ಟವಾಗಿರಲಿಲ್ಲ.

ಆ ವರ್ಷ ಬಂದ ಪರೀಕ್ಷಕಿ ಹೊಸಬರು. ಬೂದು ಬಣ್ಣದ ಕೋಟು, ಮೂಗಿನ ತುದಿಗೆ ಜಾರಿದ ಕನ್ನಡಕ. ಪ್ರಶ್ನೆ ಕೇಳಿ, ಉತ್ತರ ಶುರುವಾದ ಕೂಡಲೇ ತಲೆ ತಗ್ಗಿಸಿ ಬರೆಯತೊಡಗುವರು. ಬರೆದು ಮುಗಿಯುವವರೆಗೂ ತಲೆ ಎತ್ತುತ್ತಿರಲಿಲ್ಲ. ಅಕ್ಕನಿಗಿಂತ ಮುಂಚೆ ಡ್ರೈವರ್ ಒಳಗೆ ಹೋಗಿದ್ದ. ಮೂರು ಉತ್ತರ ಹೇಳಿ, ಕೈಕಟ್ಟಿ ಕೂತು, ಪರೀಕ್ಷಕಿ ಬರೆಯುವಷ್ಟು ಹೊತ್ತು ಛಾವಣಿಯ ಫ್ಯಾನು ನೋಡಿದ. ಹೊರಗೆ ಬಂದು, "ಒಂದು ತಪ್ಪಾಯ್ತು ಅನ್ಸುತ್ತೆ. ಹೋಗ್ಲಿ ಬಿಡಿ, ಹೇಳಿದ್ದು ಹೇಳಾಯ್ತು," ಎಂದು ಅಕ್ಕನಿಗೆ ಹೆಬ್ಬೆರಳು ತೋರಿಸಿದ.

ಅಕ್ಕ ಒಳಗೆ ಬಂದಳು. ಪರೀಕ್ಷಕಿ ಎರಡು ಸಲ ಹೇಳಿದ ಮೇಲೆ ಕೂತಳು.

"ನೀರು ಕುದಿಯೋಕೆ ಶುರುವಾದ ಮೇಲೂ ಉರಿ ಕೊಡ್ತಾನೇ ಇರ್ತೀವಿ. ಆದ್ರೂ ನೀರಿನ ಬಿಸಿ ಅಲ್ಲಿಂದ ಮೇಲಕ್ಕೆ ಏರಲ್ಲ. ಯಾಕೆ?"

"ಆ ಶಾಖ ನೀರನ್ನ ಆವಿ ಮಾಡೋಕೆ ಖರ್ಚಾಗುತ್ತೆ ಮೇಡಂ. ಅದಕ್ಕೇ ಬಿಸಿ ಅಲ್ಲೇ ನಿಲ್ಲುತ್ತೆ."

ಬಾಗಿಲ ಪಕ್ಕದಲ್ಲಿ ಮೇಷ್ಟ್ರು ನೆಮ್ಮದಿಯ ಉಸಿರು ಬಿಟ್ಟರು. ಪರೀಕ್ಷಕಿ ಬರೆಯುತ್ತಿದ್ದರು. ಪೆನ್ನಿನ ಸದ್ದು ಬಿಟ್ಟರೆ ಕೋಣೆಯಲ್ಲಿ ಏನೂ ಇರಲಿಲ್ಲ. ಅಕ್ಕನ ಕತ್ತು ತುಸು ಬಾಗಿತು. ಆ ಬಾಗನ್ನು ಮೇಷ್ಟ್ರು ಬಲ್ಲರು. ಅವಳು ಯೋಚಿಸುತ್ತಿದ್ದಾಳೆ. ನಾಚಿಕೆಯ ಸಂಗತಿಯೆಂದರೆ, ಆ ಮೊದಲ ಗಳಿಗೆಯಲ್ಲಿ ಅವರಿಗೆ ಖುಷಿಯೇ ಆಯಿತು.

"ಅಲ್ಲ ಮೇಡಂ," ಎಂದಳು ಅಕ್ಕ. "ಬಿಸಿ ಏರುತ್ತೆ. ಪಾತ್ರೆ ಬಾಯಿ ತೆರೆದಿರುತ್ತಲ್ಲ, ಏರಿದ್ದು ಹೊರಗೆ ಹೊರಟುಹೋಗುತ್ತೆ. ಅದಕ್ಕೆ ನಮಗೆ ಕಾಣಲ್ಲ."

ಪರೀಕ್ಷಕಿಯ ಪೆನ್ನು ಒಂದು ಕ್ಷಣ ನಿಂತಿತು. ಒಂದು ಸಾಲನ್ನು ಹೊಡೆದುಹಾಕಿ ಇನ್ನೊಂದು ಸಾಲು ಬರೆದರು. ಹಾಳೆ ತಿರುವಿದರು.

ಮೊದಲ ಉತ್ತರಕ್ಕೆ ಮರಳಿ ಬರಲು ಅವಳಿಗೆ ಹೊತ್ತೇ ಸಿಗಲಿಲ್ಲ.

"ಒಬ್ಬ ಕೆಲಸಗಾರ್ತಿ ಒಂದು ಪಾಳಿ ಬಿಟ್ಟು ತರಗತಿಗೆ ಹೋಗ್ತಾಳೆ. ಅಲ್ಲಿ ಫೀಸಿಲ್ಲ. ಆ ತರಗತಿ ಅವಳಿಗೆ ಪುಕ್ಕಟೆ ಸಿಕ್ಕಿದ ಹಾಗಾಯ್ತಾ?"

ಅಕ್ಕ ನಕ್ಕಳು. ಬೆನ್ನಲ್ಲೂ ಆ ನಗು ಕಂಡಿತು. "ಇಲ್ಲ ಮೇಡಂ. ಆ ಹೊತ್ತಲ್ಲಿ ಅವಳು ಇನ್ನೇನು ಮಾಡಬಹುದಿತ್ತೋ, ಅದನ್ನ ಬಿಟ್ಟಿದಾಳಲ್ಲ. ಅದೇ ಅದರ ಬೆಲೆ."

ಪುಸ್ತಕದಲ್ಲಿ ಅವಕಾಶ ವೆಚ್ಚ ಎಂದು ಕರೆದ ಕಲ್ಪನೆಯನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಮೇಷ್ಟ್ರು ಕುರ್ಚಿಯ ಅಂಚಿಗೆ ಸರಿದರು. ಸಾಕು, ನಿಲ್ಲಿಸು ಎಂದು ಅವರ ಒಳಗೇ ಯಾರೋ ಕೂಗಿದಂತಾಯಿತು. ಪರೀಕ್ಷಕಿ ಬರೆಯುತ್ತಲೇ ಇದ್ದರು. ಉತ್ತರ ಅವರಿಗೆ ಹಿಡಿಸಿರಬೇಕು, ಹೆಚ್ಚು ಹೊತ್ತೇ ಬರೆದರು. ಅದೇ ಮುಳುವಾಯಿತು. ಆ ಉದ್ದನೆಯ ಮೌನದಲ್ಲಿ ಅಕ್ಕನ ಕತ್ತು ಮತ್ತೆ ಬಾಗಿತು.

ಒಮ್ಮೆ ಕೆಮ್ಮಿದ್ದರೆ? ಕುರ್ಚಿ ಕಿರುಗುಟ್ಟಿಸಿದ್ದರೆ? ಕೆಮ್ಮಿದರೆ ಅವಳಿಗೆ ಏನೆಂದು ತಿಳಿದೀತು? ತಮ್ಮ ಯಾವ ಸದ್ದಿಗೂ ಅವರು ಅವಳಿಗೆ ಅರ್ಥ ಕಲಿಸಿರಲಿಲ್ಲ. ಕಲಿಸಿದ್ದು ಒಂದೇ, ಸದ್ದಿಲ್ಲದಿರುವುದರ ಅರ್ಥ.

"ತಪ್ಪು ಹೇಳ್ಬಿಟ್ಟೆ ಮೇಡಂ. ಫೀಸಿಲ್ಲ ಅಂದ್ಮೇಲೆ ಬೆಲೆ ಎಲ್ಲಿಂದ ಬಂತು. ಪುಕ್ಕಟೆನೇ."

ಮತ್ತೆ ಒಂದು ಸಾಲನ್ನು ಹೊಡೆದುಹಾಕಿದರು. ಈ ಸಲ ಪರೀಕ್ಷಕಿ ಸಣ್ಣಗೆ ನಿಟ್ಟುಸಿರಿಟ್ಟರು. ಎರಡು ಪ್ರಶ್ನೆ ಕೈಬಿಟ್ಟುಹೋದ ಮೇಲೆ ಮೂರನೆಯದು ಬರಿಯ ಶಾಸ್ತ್ರಕ್ಕೆ.

"ಒಂದು ಸಂಸ್ಥೆಯವರ ಜೊತೆ ನಿಮ್ಮ ಮೊದಲ ಭೇಟಿ. ನೀವು ಹೇಳಬೇಕಾದ್ದೆಲ್ಲ ಹೇಳಿದ್ರಿ. ಎದುರು ಕೂತವರು ಏನೂ ಮಾತಾಡ್ತಿಲ್ಲ. ಏನು ಮಾಡ್ತೀರಿ?"

"ಕಾಯ್ತೀನಿ," ಎಂದಳು ಅಕ್ಕ. "ಕೆಲವರು ಯೋಚನೆ ಮಾಡುವಾಗ ಸುಮ್ಮನಿರ್ತಾರೆ. ಬೇಡ ಅಂತಾನೇ ಅಂದ್ಕೋಬಾರದು."

ಪೆನ್ನು ಓಡಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ನೋಡದಿದ್ದರೂ ಕೇಳಿಸಿತು.

"ಅಲ್ಲ... ನಾನೇ ಏನೋ ತಪ್ಪು ಹೇಳಿರ್ತೀನಿ ಮೇಡಂ. ಬದಲಾಯಿಸಿ ಬೇರೆ ಥರ ಹೇಳ್ತೀನಿ."

ಪರೀಕ್ಷೆ ಮುಗಿಯಿತು. ಅಕ್ಕ ಕೈಮುಗಿದು, ಮೇಷ್ಟ್ರ ಕಡೆ ಒಮ್ಮೆ ನೋಡಿ ಹೊರಗೆ ಹೋದಳು. ಅವಳ ಕಣ್ಣಲ್ಲಿ ಹೊಳಪಿತ್ತು.

ಪರೀಕ್ಷಕಿ ಕಾಗದ ಜೋಡಿಸುತ್ತಿದ್ದರು. ಮೇಷ್ಟ್ರು ಎದ್ದು ಅವರ ಮೇಜಿನ ಬಳಿ ನಿಂತರು.

"ಮೇಡಂ, ಅವರ ಮೊದಲ ಉತ್ತರಗಳು ಮೂರೂ ಸರಿ ಇದ್ವು."

"ಗೊತ್ತು. ಎರಡನೇದಂತೂ ಎಷ್ಟು ಚೆನ್ನಾಗಿತ್ತು! ಪೂರ್ತಿ ಬರ್ಕೊಂಡೆ. ಹೊಡೆದುಹಾಕೋಕೆ ನನಗೇ ಮನಸ್ಸು ಬರಲಿಲ್ಲ."

"ನೀವು ಸುಮ್ಮನಿದ್ದದ್ದಕ್ಕೆ ಅವರು ತಪ್ಪು ಅಂದ್ಕೊಂಡ್ರು."

"ನಾನು ಬರೀತಿದ್ದೆ ಮೇಷ್ಟ್ರೇ. ಬರೆಯುವಾಗ ಬೇಕಂತಲೇ ತಲೆ ಎತ್ತಲ್ಲ. ಎತ್ತಿದ್ರೆ ನನ್ನ ಮುಖ ನೋಡಿ ಉತ್ತರ ಬದಲಾಯಿಸ್ತಾರೆ ಅಂತ." ಕನ್ನಡಕ ತೆಗೆದು ಅವರು ಮೇಷ್ಟ್ರನ್ನು ನೋಡಿದರು. ಒರಟು ಮುಖವೇನಲ್ಲ ಅದು. "ಕೊನೆಗೆ ಹೇಳಿದ್ದೇ ಉತ್ತರ ಅಂತ ನಿಯಮ. ನಾಳೆ ನೀರಿನ ಸೀಸೆ ಹಿಡ್ಕೊಂಡು ನಿಂತಾಗ, ಎದುರಿಗೆ ಯಾರೋ ಮುಖ ಗಂಟು ಹಾಕಿದ್ರೆ? ಬಣ್ಣ ಕೆಂಪು ಅಂದವರು ಹಳದಿ ಅಂದ್ರೆ?"

"ಅವರು ಹಾಗಲ್ಲ. ಅದು... ಅದು ನಾನು ಕಲಿಸಿದ್ದು."

"ಏನು ಕಲಿಸಿದ್ದು?"

ಅದನ್ನು ಅವರು ವಿವರಿಸಿದರು. ಪರೀಕ್ಷಕಿ ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಒಳ್ಳೇ ವಿಧಾನ," ಎಂದರು ಮೆಲ್ಲಗೆ. ಮೇಷ್ಟ್ರಿಗೆ ಕಪಾಳಕ್ಕೆ ಹೊಡೆದಂತಾಯಿತು.

ಕೆಳಗೆ ಮೆಟ್ಟಿಲ ಬಳಿ ಅಕ್ಕ ಕಾದಿದ್ದಳು. ತಂಗಿಯೂ ಇದ್ದಳು. ಇಬ್ಬರೂ ಒಳ್ಳೆಯ ಬಟ್ಟೆ ಉಟ್ಟಿದ್ದರು.

"ನೋಡಿ ಸರ್, ಆಗಿಂದ ಒಂದೇ ಸಮ ಬೀಗ್ತಿದಾಳೆ," ಎಂದಳು ತಂಗಿ. "ನಾಳೆಯಿಂದ ಆ ಉರುಳೆ ಮುಂದೆ ನನ್ನ ಗತಿ ಏನು? ಇವಳ ಜಾಗಕ್ಕೆ ಯಾವ ಮಂಕುದಿಣ್ಣೆ ಬಂದು ನಿಲ್ಲುತ್ತೋ."

ಅಕ್ಕ ಅವಳನ್ನು ಪಕ್ಕಕ್ಕೆ ಸರಿಸಿದಳು. "ಸರ್, ಭಯ ಆಗಿತ್ತು. ಮೂರಕ್ಕೂ ಮೊದಲು ತಪ್ಪೇ ಬಾಯಿಗೆ ಬಂತು. ಆದ್ರೆ ನಿಮ್ಮ ಹಾಗೇನೇ ಮೇಡಂ ಅವರೂ ಸುಮ್ಮನೆ ಟೈಮ್ ಕೊಟ್ರು. ಮೂರನ್ನೂ ಹಿಡ್ಕೊಂಡೆ. ಆಮೇಲೆ ಹೇಳಿದ್ದು ಸರಿ ಇತ್ತಲ್ವಾ ಸರ್?"

ಮೇಷ್ಟ್ರು ಬಾಯಿ ತೆರೆದರು. ಆದರೆ ಅಭ್ಯಾಸದಂತೆ ಅವರ ಮುಖ ತಾನಾಗಿಯೇ ಪಕ್ಕಕ್ಕೆ ತಿರುಗಿತು. ಅಲ್ಲಿ ಕಿಟಕಿ ಇರಲಿಲ್ಲ, ಗೋಡೆಗೆ ಒರಗಿಸಿದ ಸೈಕಲ್ಲುಗಳಿದ್ದವು.

ಅಕ್ಕ ಅವರನ್ನೇ ನೋಡುತ್ತಿದ್ದಳು. ಆ ಮೌನವನ್ನು ಓದಲು ಅವಳಿಗಿಂತ ಚೆನ್ನಾಗಿ ಬಲ್ಲವರು ಇರಲಿಲ್ಲ. ಅವಳ ಕತ್ತು ಬಾಗಿತು. ಮುಖದ ನಗು ಒಮ್ಮೆಲೇ ಹೋಗಲಿಲ್ಲ. ನೀರು ಇಂಗುವಂತೆ ಅಂಚಿನಿಂದ ಒಳಕ್ಕೆ ಇಂಗಿತು.

"ಮೊದಲು ಹೇಳಿದ್ದೇ ಸರಿ ಇತ್ತಾ?" ಎಂದಳು.

"ಹೌದು," ಎಂದರು ಮೇಷ್ಟ್ರು. "ಮೂರೂ."

ತಂಗಿ ಇಬ್ಬರ ಮುಖವನ್ನೂ ನೋಡಿದಳು. "ಏನಾಯ್ತೇ? ಏನಾಯ್ತು ಸರ್?" ಎಂದಳು.

"ನೀವು ಅಲ್ಲೇ ಇದ್ರಲ್ಲ ಸರ್," ಎಂದಳು ಅಕ್ಕ.

"ಮಾತಾಡೋ ಹಾಗಿರಲಿಲ್ಲ."

"ಇವತ್ತಿನ ಮಾತಲ್ಲ ನಾನು ಹೇಳ್ತಿರೋದು." ಅವಳ ದನಿ ಏರಲಿಲ್ಲ. "ಅಷ್ಟು ದಿನ ಇದ್ರಿ. ಒಂದೇ ಒಂದು ಸಲ, ಅಕ್ಕ ನೀವು ಹೇಳಿದ್ದು ಸರಿ ಇದೆ, ಕೂತ್ಕೊಳ್ಳಿ ಅಂದಿದ್ರೆ, ಸರಿಯಾಗಿ ಹೇಳಿದ್ರೆ ಮನಸ್ಸಿಗೆ ಹೇಗಿರುತ್ತೆ ಅಂತ ನನಗೆ ಗೊತ್ತಿರೋದು."

ತಂಗಿಗೆ ಆಗ ಅರ್ಥವಾಯಿತು. ಅವಳು ಏನೂ ತಮಾಷೆ ಮಾಡದೆ ಅಕ್ಕನ ತೋಳು ಹಿಡಿದುಕೊಂಡಳು. ಇಬ್ಬರೂ ರಸ್ತೆಗೆ ಇಳಿದರು. ಬಸ್ಸುಗಳ ನಡುವೆ ಅವರು ಕಾಣದಾಗುವವರೆಗೂ ಮೇಷ್ಟ್ರು ನಿಂತಿದ್ದರು. ಕೂಗಿ ಹೇಳಲು ಈಗ ಮಾತುಗಳಿದ್ದವು, ಆದರೆ ಅವುಗಳಿಂದ ಆಗಬೇಕಾದ್ದು ಏನೂ ಉಳಿದಿರಲಿಲ್ಲ.

ಪರೀಕ್ಷಾ ಮಂಡಳಿಗೆ ಅವರು ಮನವಿ ಬರೆದರು. ನಿಯಮ ನಿಯಮವೇ ಎಂದು ಅಲ್ಲಿಂದ ಸಭ್ಯವಾದ ಉತ್ತರ ಬಂತು. ಡ್ರೈವರ್ ಪಾಸಾಗಿದ್ದ. ಒಂದು ದಿನ ಬಂದು ಕೈಕುಲುಕಿದ. "ಅಕ್ಕನ್ನ ನೋಡಿದ್ಯಾ?" ಎಂದು ಮೇಷ್ಟ್ರು ಕೇಳಿದ್ದಕ್ಕೆ, "ಮೊನ್ನೆ ಲಾಂಡ್ರಿ ಹತ್ರ ಸಿಕ್ರು. ಗಾಡಿಗೆ ಹತ್ತಿಸ್ಕೊಂಡೆ. ನಿಮ್ಮ ವಿಷಯ ಎತ್ತಲಿಲ್ಲ ಸರ್," ಎಂದ. ಹೊರಡುವಾಗ, "ಬೈಲೂ ಇಲ್ಲ," ಎಂದು ಸೇರಿಸಿದ. ಅದು ಸಮಾಧಾನವೆಂದು ಅವನು ತಿಳಿದಿದ್ದ.

ಹೊಸ ತಂಡ ಬಂತು. ಮೊದಲ ಸಂಜೆ ಮೇಷ್ಟ್ರು ಸುಲಭದ ಪ್ರಶ್ನೆಯನ್ನೇ ಆರಿಸಿಕೊಂಡರು. ಒಂದು ವಸ್ತು ಮಾರುಕಟ್ಟೆಗೆ ಬೇಕಾದ್ದಕ್ಕಿಂತ ಹೆಚ್ಚು ಬಂದರೆ ಅದರ ಬೆಲೆ ಏನಾಗುತ್ತದೆ? ಮುಂದಿನ ಸಾಲಿನಲ್ಲಿದ್ದ ದರ್ಜಿಯೊಬ್ಬರು, "ಇಳಿಯುತ್ತೆ," ಎಂದರು.

"ಸರಿ," ಎಂದರು ಮೇಷ್ಟ್ರು. ದರ್ಜಿಯ ಮಾತು ಮುಗಿಯುವ ಮೊದಲೇ ಅಂದುಬಿಟ್ಟಿದ್ದರು. ಆ ಪದ ಅವರಿಗೇ ಯಾರದೋ ದನಿಯಂತೆ ಕೇಳಿಸಿತು. ದರ್ಜಿ ಮೀಸೆಯೊಳಗೇ ನಕ್ಕು ಬೆಂಚಿಗೆ ಒರಗಿದರು.

ಮೂರನೆಯ ಸಾಲಿನಲ್ಲಿ ಒಬ್ಬ ಹೆಂಗಸು ಅರ್ಧ ಎತ್ತಿದ್ದ ಕೈಯನ್ನು ಕೆಳಗಿಳಿಸಿದಳು. ಎಲ್ಲ ಸಲವೂ ಇಳಿಯಲೇಬೇಕೆಂದಿಲ್ಲ ಎನ್ನಲು ಹೊರಟಿದ್ದಳೋ, ಯಾಕೆ ಇಳಿಯುತ್ತದೆ ಎಂದು ಕೇಳಬೇಕೆಂದಿದ್ದಳೋ. ಮೇಷ್ಟ್ರು ಆ ಕೈಯನ್ನು ನೋಡಿದರು. ಸ್ವಲ್ಪ ಕಾದಿದ್ದರೆ ಅದು ಮತ್ತೆ ಮೇಲೇಳುತ್ತಿತ್ತು ಎಂದು ಅವರಿಗೆ ಗೊತ್ತಿತ್ತು. ಅವರು ಕಾಯಲಿಲ್ಲ. ಮುಂದಿನ ಪ್ರಶ್ನೆ ಕೇಳಿದರು.